ಮೊದಲು ನಿಮ್ಮ ಸರ್ವರಿನ ಗುರುತು ತೋರಿಸಿ: ಇ-ಆಡಳಿತದ ಹೊಣೆ ಹೊತ್ತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ತಾಲ್ಲೂಕು ಕಚೇರಿಯ ಎದುರು ಸಣ್ಣದೊಂದು ಸೈಬರ್ ಸೆಂಟರ್ ನಡೆಸುತ್ತೇನೆ. ಪಿಂಚಣಿ, ವಿದ್ಯಾರ್ಥಿವೇತನ, ಬೆಳೆ ಪರಿಹಾರ ಎಂದು ಬರುವವರಿಗೆ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಒಂದು ಇಲಾಖೆಯ ಪೋರ್ಟಲ್ ಬಗ್ಗೆ ಹೆಲ್ಪ್‌ಲೈನಿಗೆ, ಜಿಲ್ಲಾ ಕಚೇರಿಗೆ ಹೇಳಿ ಹೇಳಿ ಸಾಕಾಗಿ ನಿಮಗೇ ಬರೆಯುತ್ತಿದ್ದೇನೆ.

ಆ ಪೋರ್ಟಲ್ ತೆರೆದರೆ ಬ್ರೌಸರ್ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂದು ತಡೆಯುತ್ತದೆ. ಒಮ್ಮೆ ಸರ್ವರಿನ ಪ್ರಮಾಣಪತ್ರದ, ಅಂದರೆ ತಾಣ ಇಲಾಖೆಯದ್ದೇ ಎಂದು ಬ್ರೌಸರಿಗೆ ತೋರಿಸುವ ಗುರುತಿನ ಚೀಟಿಯ, ಅವಧಿ ಮುಗಿದಿರುತ್ತದೆ. ಹೊಸದು ಹಾಕಿದರೆ ಅದರಲ್ಲಿರುವ ಹೆಸರೇ ಬೇರೆ, ನಾವು ಟೈಪ್ ಮಾಡುವ ವಿಳಾಸವೇ ಬೇರೆ. ಇನ್ನೊಮ್ಮೆ ಮಧ್ಯಂತರ ಪ್ರಮಾಣಪತ್ರವನ್ನು, ಅಂದರೆ ಸರ್ವರಿನ ಪ್ರಮಾಣಪತ್ರವನ್ನು ಬ್ರೌಸರ್ ನಂಬುವ ಮೂಲ ಸಂಸ್ಥೆಗೆ ಜೋಡಿಸುವ ನಡುವಿನ ಕೊಂಡಿಯನ್ನು, ಸರ್ವರಿಗೆ ಹಾಕಿಯೇ ಇರುವುದಿಲ್ಲ. ಇದರ ಗೋಳು ದೊಡ್ಡದು. ಕಚೇರಿಯ ಕಂಪ್ಯೂಟರಿನಲ್ಲಿ ಆ ಕೊಂಡಿ ಮೊದಲೇ ಉಳಿದುಕೊಂಡಿದ್ದರೆ ಪುಟ ತೆರೆದುಕೊಳ್ಳುತ್ತದೆ, ರೈತನ ಫೋನಿನಲ್ಲಿ ತೆರೆಯುವುದಿಲ್ಲ. ‘ನಮ್ಮಲ್ಲಿ ಸರಿಯಾಗೇ ಬರ್ತಿದೆಯಲ್ರೀ’ ಎಂದು ದೂರು ಮುಚ್ಚಿಬಿಡುತ್ತಾರೆ.

ಹೆಲ್ಪ್‌ಲೈನಿನ ಪರಿಹಾರ ಒಂದೇ: ‘ಅಡ್ವಾನ್ಸ್ಡ್ ಒತ್ತಿ, ಪ್ರೊಸೀಡ್ ಕೊಡಿ, ಏನೂ ಆಗಲ್ಲ.’ ಬಾಯಿಮಾತಿಗೆ ನಿಂತಿದ್ದರೆ ಸುಮ್ಮನಿರುತ್ತಿದ್ದೆನೇನೋ. ಈಗ ಆ ಇಲಾಖೆಯ ಬಳಕೆದಾರರ ಕೈಪಿಡಿಯಲ್ಲೇ ಎಚ್ಚರಿಕೆಯ ಪುಟದ ಚಿತ್ರ ಹಾಕಿ, ಎಲ್ಲಿ ಒತ್ತಬೇಕೆಂದು ಕೆಂಪು ಬಾಣ ಬರೆದಿದ್ದಾರೆ! ಎಚ್ಚರಿಕೆಯನ್ನು ದಾಟುವುದು ಅರ್ಜಿಯ ಒಂದು ಹಂತವಂತೆ.

ಅದರ ಫಲ ನನ್ನ ಅಂಗಡಿಯಲ್ಲೇ ಕಂಡೆ. ಪಿಯುಸಿ ಹುಡುಗನೊಬ್ಬ ಬಸ್ ನಿಲ್ದಾಣದ ವೈಫೈ ಹಿಡಿದು ಬೇರೆ ಯಾವುದೋ ತಾಣದಲ್ಲಿ ಅಪ್ಪನ ಆಧಾರ್, ಬ್ಯಾಂಕ್ ಖಾತೆಯ ವಿವರ ತುಂಬುತ್ತಿದ್ದ. ಅದೇ ಎಚ್ಚರಿಕೆ ಬಂತು. ಓದಲೂ ಇಲ್ಲ, ದಾಟಿಬಿಟ್ಟ. ತಡೆದರೆ, ‘ಬಿಡಣ್ಣ, ಸರ್ಕಾರದ ಸೈಟಲ್ಲೂ ಹಿಂಗೇ ಬರುತ್ತೆ, ಒತ್ತಿ ಅಂತ ಅವರೇ ಬರ್ದಿದ್ದಾರೆ’ ಎಂದ. ಆ ಹುಡುಗನಿಗೆ ಏನೆಂದು ಉತ್ತರ ಕೊಡಲಿ ಸ್ವಾಮಿ?

ದಾಟಿದ ಮೇಲೂ ಮಾಹಿತಿ ಗೂಢಲಿಪಿಯಲ್ಲೇ ಹೋಗುತ್ತದೆ, ನಿಜ. ಆದರೆ ಯಾರ ಕೈಗೆ? ಆಚೆ ತುದಿಯಲ್ಲಿರುವುದು ಇಲಾಖೆಯ ಸರ್ವರೋ, ನಡುವೆ ಕೂತ ಕಳ್ಳನೋ ಎಂದು ತಿಳಿಯಲು ಇರುವುದೇ ಬ್ರೌಸರ್ ಮಾಡುವ ಪ್ರಮಾಣಪತ್ರದ ಆ ತಪಾಸಣೆ. ಆಧಾರಿನಲ್ಲಿ ಒಂದು ಇನಿಶಿಯಲ್, ಪಹಣಿಯಲ್ಲಿ ಇನ್ನೊಂದು ಇದ್ದರೆ ಮುದುಕಿಯನ್ನೂ ವಾಪಸ್ ಕಳಿಸುತ್ತೀರಿ. ನಿಮ್ಮ ಸರ್ವರಿನ ಹೆಸರು ತಾಳೆಯಾಗದಿದ್ದರೆ ಮಾತ್ರ ನಾವು ಕಣ್ಣು ಮುಚ್ಚಿಕೊಳ್ಳಬೇಕೇ?

ಇದು ಎಷ್ಟು ಗಂಭೀರ ಎಂದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್ ವಿಳಾಸಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದು ಪತ್ತೆಯಾಯಿತು. ಎನ್‌ಐಸಿಯ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದು ಮಾಡಬೇಕಾಯಿತು. ಅದಕ್ಕೂ ಮುಂಚೆ, 2011ರಲ್ಲಿ, ಪ್ರಮಾಣಪತ್ರ ನೀಡುತ್ತಿದ್ದ ನೆದರ್ಲೆಂಡ್ಸಿನ ಡಿಜಿನೋಟಾರ್ ಕಂಪನಿಯ ಕಂಪ್ಯೂಟರುಗಳಿಗೆ ನುಗ್ಗಿದವರು ಪಡೆದ ನಕಲಿ ಪ್ರಮಾಣಪತ್ರವನ್ನು ಇರಾನಿನ ಜಿಮೇಲ್ ಬಳಕೆದಾರರ ಮೇಲೆ ಪ್ರಯೋಗಿಸಿದ್ದರು. ಅಲ್ಲಿ ಅಷ್ಟು ದೂರ ಹೋಗಿ ನಕಲಿ ಮಾಡಬೇಕಾಗಿತ್ತು. ಎಚ್ಚರಿಕೆ ದಾಟುವುದು ಜನರಿಗೆ ರೂಢಿಯಾದರೆ ಕಳ್ಳನಿಗೆ ಆ ಕಷ್ಟವೂ ಇಲ್ಲ.

ದುಡ್ಡಿಲ್ಲ ಎನ್ನುವಂತಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ 2015ರಿಂದ ಇಂಥ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡುತ್ತಿದೆ, ನವೀಕರಣವೂ ತಾನಾಗಿ ಆಗುತ್ತದೆ. ಕೈಯಲ್ಲೇ ನವೀಕರಿಸುತ್ತೇವೆ ಎಂದು ಕೂತರೆ ಮುಂದೆ ಇನ್ನೂ ಕಷ್ಟ. ಪ್ರಮಾಣಪತ್ರ ನೀಡುವವರೂ ಬ್ರೌಸರ್ ಕಂಪನಿಗಳೂ 2025ರಲ್ಲಿ ಒಪ್ಪಿದಂತೆ ಗರಿಷ್ಠ ಅವಧಿ 2026ರ ಮಾರ್ಚಿನಿಂದ 200 ದಿನ, 2027ರಿಂದ 100, 2029ರಿಂದ ಬರೀ 47 ದಿನ. ವರ್ಷಕ್ಕೊಮ್ಮೆ ಮಾಡಲಾಗದವರು 47 ದಿನಕ್ಕೊಮ್ಮೆ ಮಾಡುತ್ತಾರೆಯೇ?

ಪ್ರಮಾಣಪತ್ರ ಸರಿಮಾಡಿಸಿ. ನವೀಕರಣವನ್ನು ಯಂತ್ರಕ್ಕೇ ವಹಿಸಿ. ಹೊರಗಿನ ಸಾಮಾನ್ಯ ಫೋನಿನಲ್ಲಿ ತೆರೆದು ನೋಡಿದ ಮೇಲಷ್ಟೇ ದೂರು ಮುಚ್ಚಲು ಹೇಳಿ. ಎಲ್ಲಕ್ಕಿಂತ ಮೊದಲು, ಎಚ್ಚರಿಕೆಯನ್ನು ದಾಟಿ ಎಂದು ಜನರಿಗೆ ಹೇಳುವುದನ್ನು ನಿಲ್ಲಿಸಿ. ಪೋರ್ಟಲ್ ಸರಿಯಾಗುವವರೆಗೆ ಕಾಗದದ ಅರ್ಜಿ ತೆಗೆದುಕೊಳ್ಳಲಿ, ಕೊನೆಯ ದಿನಾಂಕ ಮುಂದೂಡಲಿ. ಆದರೆ ಕೈಪಿಡಿಯ ಆ ಕೆಂಪು ಬಾಣದ ಪುಟವನ್ನು ಈ ವಾರವೇ ತೆಗೆಸಿ.

ಇಂತಿ,
ತಾಲ್ಲೂಕು ಕಚೇರಿ ಎದುರಿನ ಸೈಬರ್ ಸೆಂಟರಿನವನು