ಟ್ಯಾಂಗೊ: ಮೊದಲು ನಡಿಗೆ ಕಲಿಸಿ

ಮಾನ್ಯ ಸಂಪಾದಕರೇ,

ಟ್ಯಾಂಗೊ ಎಂಬ ಜೋಡಿ ನೃತ್ಯವೆಂದರೆ ಕಾಲು ಬೀಸುವುದು, ಸಂಗಾತಿಯನ್ನು ತೋಳಿನ ಮೇಲೆ ಬಾಗಿಸುವುದು ಎಂಬ ಅಭಿಪ್ರಾಯ ಟಿ.ವಿ. ಷೋಗಳಿಂದ ಬಲವಾಗಿದೆ. ಅದು ರಂಗದ ಮೇಲಿನ ಟ್ಯಾಂಗೊ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಮಿಲೊಂಗಗಳಲ್ಲಿ, ಅಂದರೆ ಜನ ಸೇರಿ ಕುಣಿಯುವ ಕೂಟಗಳಲ್ಲಿ, ಜೋಡಿಗಳು ಬಹಳ ಹೊತ್ತು ಬರೀ ನಡೆಯುತ್ತವೆ: ಅಪ್ಪಿಕೊಂಡು, ಅಪ್ರದಕ್ಷಿಣವಾಗಿ, ಮುಂದಿನ ಜೋಡಿಯನ್ನು ಹಿಂದಿಕ್ಕದೆ. 2003ರಿಂದ ಅಲ್ಲಿ ನಡೆಯುತ್ತಿರುವ ವಿಶ್ವ ಟ್ಯಾಂಗೊ ಸ್ಪರ್ಧೆಯ 'ಪಿಸ್ತಾ' (ಕೂಟಗಳಲ್ಲಿ ಕುಣಿಯುವ ಶೈಲಿಯ) ವಿಭಾಗದಲ್ಲೂ ಜಿಗಿತಕ್ಕೆ ಅವಕಾಶವಿಲ್ಲ, ಸಂಗೀತ ನಿಲ್ಲುವ ತನಕ ಅಪ್ಪುಗೆ ಬಿಡುವಂತಿಲ್ಲ. ನಡಿಗೆ ಸರಿಯಿಲ್ಲದಿದ್ದರೆ ಅಲ್ಲಿ ಮರೆಮಾಚಲಾಗದು.

ಮುನ್ನಡೆಸುವವರ ಎದೆ ಮೊದಲು ಹೊರಡಬೇಕು, ಕಾಲು ಆಮೇಲೆ. ಆ ಒತ್ತು ತಿಳಿದೊಡನೆ ಸಂಗಾತಿಯ ಕಾಲು ಸೊಂಟದಿಂದಲೇ ಹಿಂದಕ್ಕೆ ಚಾಚುತ್ತದೆ. ಬೆರಳ ತುದಿ ನೆಲ ಮುಟ್ಟಿ, ಭಾರ ನಿಧಾನವಾಗಿ ಜಾರಿ, ಕೊನೆಗೆ ಹಿಮ್ಮಡಿ ಇಳಿಯುತ್ತದೆ. ಹೊಸಬರು ಕಾಲನ್ನೇ ಮೊದಲು ಚಾಚುತ್ತಾರೆ. ಸುಳಿವು ಸಿಗದ ಸಂಗಾತಿ ನಿಂತಲ್ಲೇ ಇರುವುದರಿಂದ ಬೆರಳು ತುಳಿತಕ್ಕೆ ಸಿಗುತ್ತದೆ. ಮತ್ತೆ ತುಳಿದೇವೆಂಬ ಅಂಜಿಕೆಗೆ ಕಾಲು ಅಗಲಿಸಿ ನಡೆಯತೊಡಗುತ್ತಾರೆ. ಆಗ ಹೆಜ್ಜೆಹೆಜ್ಜೆಗೂ ಇಬ್ಬರ ಮೈಯೂ ಓಲಾಡುತ್ತದೆ. ಬಗ್ಗಿ ಪಾದ ನೋಡಿಕೊಂಡರಂತೂ ಎದೆ ಹಿಂದೆ ಸರಿದು ಇದ್ದ ಸುಳಿವೂ ಹೋಯಿತು.

ಭಾರದ ಮಾತೂ ಅಷ್ಟೇ ಮುಖ್ಯ. ಅದನ್ನು ಎರಡೂ ಕಾಲಿಗೆ ಹಂಚಿ ನಿಂತರೆ ಮುಂದಿನ ಹೆಜ್ಜೆ ಯಾವ ಕಾಲಿನದೆಂದು ಇಬ್ಬರಿಗೂ ತಿಳಿಯದು. ಭಾರ ಪೂರ್ತಿ ಒಂದೇ ಕಾಲಿಗೆ ಬರಬೇಕು. ಬಿಡುವಾದ ಪಾದ ನಿಂತ ಕಾಲಿನ ಗಿಣ್ಣು ಸವರಿಕೊಂಡೇ ಮುಂದೆ ಹೋಗಬೇಕು. ವಯೊಲಿನ್‌ಗಳು ಸ್ವರ ಎಳೆಯುವಾಗ ಪಾದಗಳು ಕೂಡಿದ ಆ ಗಳಿಗೆಯಲ್ಲೇ ಇಬ್ಬರೂ ತಡೆದು ನಿಂತು, ಒಟ್ಟಿಗೇ ಮತ್ತೆ ಹೊರಡುವುದನ್ನು ನೋಡಬೇಕು. ಸಂಗಾತಿಯನ್ನು ಎತ್ತುವ ಎಂಥ ವರಸೆಗಿಂತಲೂ ಅದು ನಮಗೆ ಚೆಂದ.

ಅಭ್ಯಾಸಕ್ಕೆ ಅರ್ಜೆಂಟೀನಾದ ಪಿಯಾನೊ ವಾದಕ ಕಾರ್ಲೊಸ್ ದಿ ಸಾರ್ಲಿಯವರ (1903–1960) ವಾದ್ಯವೃಂದದ 1950ರ ದಶಕದ ಧ್ವನಿಮುದ್ರಣಗಳೇ ಸರಿ. ಪಿಯಾನೊದ ತಾಳ ಸ್ಪಷ್ಟ, ಅವಸರವಿಲ್ಲ. ಮೊದಲು ಒಬ್ಬೊಬ್ಬರೇ ತಾಳದ ಒಂದೊಂದು ಪೆಟ್ಟಿಗೂ ಒಂದು ಹೆಜ್ಜೆ ಇಡಿ. ಬಳಿಕ ಎರಡೆರಡು ಪೆಟ್ಟುಗಳಿಗೆ ಒಂದು. ಸಮತೋಲದ ಕೊರತೆ ಬಯಲಾಗುವುದು ಈ ನಿಧಾನದ ಹೆಜ್ಜೆಯಲ್ಲೇ. ಷೂಗೆ ಚರ್ಮದ ಅಡಿ ಇರಲಿ. ರಬ್ಬರ್ ಅಡಿ ನೆಲ ಕಚ್ಚಿಕೊಂಡರೆ ತಿರುಗುವಾಗ ಮಂಡಿ ಉಳುಕೀತು.

ಬೆಂಗಳೂರಿನಲ್ಲಿ ಟ್ಯಾಂಗೊ ಕಲಿಸುವವರಲ್ಲಿ ಒಂದು ಕೋರಿಕೆ: ಪ್ರತಿ ತರಗತಿಯ ಮೊದಲ 20 ನಿಮಿಷವನ್ನಾದರೂ ನಡಿಗೆಗೆ ಮೀಸಲಿಡಿ. ಓಚೊ (ಎಂಟರ ಆಕಾರದ ಹೆಜ್ಜೆ), ಗಾಂಚೊ (ಸಂಗಾತಿಯ ಕಾಲಿಗೆ ಕಾಲನ್ನು ಕೊಕ್ಕೆಯಂತೆ ಹಾಕುವುದು) ಇವನ್ನು ಆಮೇಲೆ ಕಲಿಸಬಹುದು.

– ಟ್ಯಾಂಗೊ ಅಭ್ಯಾಸಿಗಳು, ಬೆಂಗಳೂರು