ಲಿಥಿಯಂ ಖಾಲಿಯಾಗದ ಹಾಗೆ ನೋಡಿಕೊಳ್ಳಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ. ಮನಸ್ಸು ಒಮ್ಮೆ ಮಿತಿ ಮೀರಿ ಉಬ್ಬುತ್ತೆ, ಅದಕ್ಕೆ ಮೇನಿಯಾ ಅಂತಾರೆ; ಇನ್ನೊಮ್ಮೆ ಖಿನ್ನತೆಗೆ ಕುಸಿಯುತ್ತೆ. ಲಿಥಿಯಂ ಮಾತ್ರೆ ತಗೊಂಡು 11 ವರ್ಷ ಚೆನ್ನಾಗಿದ್ದ. ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಹೋದ ವರ್ಷ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ "ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ" ಅಂದರು. ಮುಂದಿನ ತಿಂಗಳೂ ಅದೇ ಮಾತು. ಹೊರಗೂ ಸಿಗಲಿಲ್ಲ. ನಾನು ಸ್ವಲ್ಪ ಜೋರಾಗಿ ಕೇಳಿದ್ದಕ್ಕೆ ಅಲ್ಲಿದ್ದವರು, "ಮೂಡ್ ಸರಿ ಇಲ್ಲ ಅಂದ್ರೆ ಮಾತ್ರೆನೇ ಬೇಕಾ? ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬನ್ನಿ" ಅಂದರು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ತಮ್ಮ ತಲೆ ತಗ್ಗಿಸಿ ನಿಂತಿದ್ದ.

ಆಮೇಲೆ ಐದು ರಾತ್ರಿ ಅವನು ಕಣ್ಣು ಮುಚ್ಚಲಿಲ್ಲ. ಮಾತು ನಿಲ್ಲುತ್ತಲೇ ಇರಲಿಲ್ಲ. ಕಂಡಕಂಡವರ ಹತ್ತಿರ ಸಾಲ ಮಾಡಿ ಯಾವುದೋ ವ್ಯಾಪಾರಕ್ಕೆ ಮುಂಗಡ ಕೊಟ್ಟು, ತಡೆಯಲು ಹೋದ ನನ್ನನ್ನು ತಳ್ಳಿ ಹೊರಟುಹೋದ. ಹುಡುಕಿ ಕರೆತಂದು 34 ದಿನ ಆಸ್ಪತ್ರೆಯಲ್ಲಿ ಇಟ್ಟೆವು. ಮನೆಗೆ ಬಂದ ಮೇಲೆ ಖಿನ್ನತೆ. ಮಗಳು ಲೆಕ್ಕದ ಪುಸ್ತಕ ಹಿಡಿದು ನಿಂತರೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಅದು ಮೇನಿಯಾಗಿಂತ ಕಷ್ಟ, ನೋಡೋಕಾಗಲ್ಲ.

ಲಿಥಿಯಂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ ಅಂತ ನಿಮಗೆ ನಾನು ಹೇಳಬೇಕಾ? ಮೇನಿಯಾಗೆ ಇದು ಕೆಲಸ ಮಾಡುತ್ತೆ ಅಂತ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಬರೆದಿದ್ದು 1949ರಲ್ಲಿ. ಆತ್ಮಹತ್ಯೆಯ ಅಪಾಯವನ್ನೂ ಇದು ಕಡಿಮೆ ಮಾಡುತ್ತೆ. ದಿಢೀರ್ ಅಂತ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟು ಕಳಿಸೋಣ ಅಂದರೆ, ಬೈಪೋಲಾರ್ ಇರುವ ಕೆಲವರಿಗೆ ಅದರಿಂದಲೇ ಮೇನಿಯಾ ಏರುತ್ತೆ. ಒಂದಿಲ್ಲ ಅಂದರೆ ಇನ್ನೊಂದು ಅನ್ನುವ ಹಾಗಿಲ್ಲ, ಸಾರ್. ಲಿಥಿಯಂ ಖಾಲಿಯಾಗಬಾರದು, ಅಷ್ಟೇ.

ರಕ್ತಪರೀಕ್ಷೆಯೂ ಮಾತ್ರೆ ಕೊಡುವ ಆಸ್ಪತ್ರೆಯಲ್ಲೇ ಆಗಬೇಕು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಕಡಿಮೆಯಾದರೆ ಉಪಯೋಗವಿಲ್ಲ, ಜಾಸ್ತಿಯಾದರೆ ವಿಷ. ಕಿಡ್ನಿ, ಥೈರಾಯ್ಡ್ ಕೂಡ ಆಗಾಗ ನೋಡುತ್ತಿರಬೇಕು. ಆದರೆ ಪ್ರತಿ ಸಲ ನಮ್ಮನ್ನು ಬೇರೆ ಕಡೆಗೆ ಓಡಿಸುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇಲ್ಲ, ಸುತ್ತಾಡಿಸ್ಕೊಂಡು ಬನ್ನಿ ಅಂತ ಯಾರಾದರೂ ಹೇಳ್ತಾರಾ? ನಮಗೆ ಮಾತ್ರ ಯಾಕೆ ಹೇಳ್ತಾರೆ?

ತಮ್ಮ ಈಗ ಮತ್ತೆ ಲೆಕ್ಕ ಹೇಳಿಕೊಡುತ್ತಿದ್ದಾನೆ. ಮೊನ್ನೆ ಕೌಂಟರಿನಲ್ಲಿ ಮತ್ತೆ "ಸ್ಟಾಕ್ ಬಂದಿಲ್ಲ" ಅಂದರು, ಅದಕ್ಕೇ ಈ ಪತ್ರ. ಮಾತ್ರೆ ತರಿಸಿ. ಖಾಲಿಯಾಗುವ ಮೊದಲೇ ತರಿಸಿ. ನಮ್ಮ ಮನೆಯಲ್ಲಿ ಇನ್ನು 18 ದಿನಕ್ಕೆ ಆಗುವಷ್ಟು ಮಾತ್ರ ಉಳಿದಿದೆ.

ಇಂತಿ,
ಒಬ್ಬ ಅಕ್ಕ