ಅತಿಥಿಗಳು ‘ಹಾಸ್ಯಾಸ್ಪದ’ವಾಗಿ ಮಾತನಾಡಿದರೇ?

ಮಾನ್ಯ ಸಂಪಾದಕರೇ,

ಶಾಲಾ ವಾರ್ಷಿಕೋತ್ಸವ, ಬೀಳ್ಕೊಡುಗೆ ಸಮಾರಂಭಗಳ ವರದಿಗಳಲ್ಲಿ ‘ಮುಖ್ಯ ಅತಿಥಿಗಳು ಹಾಸ್ಯಾಸ್ಪದವಾಗಿ ಮಾತನಾಡಿ ಸಭಿಕರನ್ನು ರಂಜಿಸಿದರು’ ಎಂಬಂಥ ವಾಕ್ಯ ಆಗಾಗ ಕಣ್ಣಿಗೆ ಬೀಳುತ್ತದೆ. ಹಾಸ್ಯಾಸ್ಪದ ಎಂದರೆ ಜನ ಆಡಿಕೊಂಡು ನಗುವಂಥದ್ದು. ಹೊಗಳಲು ಹೊರಟವರು ಪಾಪ ಅತಿಥಿಗಳ ಮಾನ ಕಳೆದಿರುತ್ತಾರೆ. ಬರೆದವರ ಮನಸ್ಸಿನಲ್ಲಿದ್ದದ್ದು ಬಹುಶಃ ಇಂಗ್ಲಿಷಿನ ‘ವಿಟ್ಟಿ’ (witty), ಅಂದರೆ ಜಾಣ ಮಾತಿನಿಂದ ನಗಿಸುವಂಥದ್ದು. ಈ ‘ವಿಟ್ಟಿ’ ವಿದ್ಯಾರ್ಥಿಗಳ ಉತ್ತರ ಪತ್ರಿಕೆ, ನಿರೂಪಕರ ಪರಿಚಯದ ಮಾತು, ಕೆಲಸದ ಅರ್ಜಿಗಳಲ್ಲೂ ಅಡ್ಡಾದಿಡ್ಡಿ ಓಡಾಡುತ್ತಿರುವುದರಿಂದ ಇಂಗ್ಲಿಷ್ ಕಲಿಸುವ ನಾವು ಕೆಲವರು ಸೇರಿ ಬರೆಯುತ್ತಿದ್ದೇವೆ.

ಮಳೆಗಾಲದ ಮಡಿಕೇರಿಯನ್ನೇ ತೆಗೆದುಕೊಳ್ಳಿ. ರಾಜಾಸೀಟಿನ ಹತ್ತಿರ ಪ್ರವಾಸಿಯೊಬ್ಬರ ಕೊಡೆ ಗಾಳಿಗೆ ಮಗುಚಿಕೊಂಡರೆ ನೋಡಿದವರು ನಗುತ್ತಾರೆ. ಅದು ‘ಫನ್ನಿ’. ಅಲ್ಲಿ ಯಾರ ಬುದ್ಧಿಯೂ ಖರ್ಚಾಗಿಲ್ಲ, ಆದ್ದರಿಂದ ವಿಟ್ಟಿ ಅನ್ನುವಂತಿಲ್ಲ. ಅದೇ ಪ್ರವಾಸಿ ಪಕ್ಕದ ಅಂಗಡಿಯವರನ್ನು ‘ಇಲ್ಲಿ ಮಳೆ ಯಾವಾಗ ನಿಲ್ಲುತ್ತೆ?’ ಎಂದು ಕೇಳಿದರು ಅನ್ನಿ. ‘ನಿಲ್ಲೋಕೆ ಜಾಗ ಎಲ್ಲಿದೆ ಸರ್, ಹೋಂಸ್ಟೇ ಎಲ್ಲಾ ಭರ್ತಿ’ ಎಂದು ಉತ್ತರ ಬಂದರೆ ಅದು ವಿಟ್ಟಿ. ‘ನಿಲ್ಲು’ ಎಂಬ ಒಂದೇ ಕ್ರಿಯಾಪದವನ್ನು ಕೇಳಿದವರು ಒಂದರ್ಥದಲ್ಲಿ ಕೊಟ್ಟರು, ಉತ್ತರಿಸಿದವರು ಇನ್ನೊಂದರ್ಥದಲ್ಲಿ ವಾಪಸು ಕೊಟ್ಟರು. ಮಾತು ಚಿಕ್ಕದು, ತಕ್ಷಣ ಬಂತು, ಕೇಳಿದವರೂ ನಗಬಹುದು.

ಕೆಡುವುದೂ ಇಲ್ಲಿಯೇ. ‘ಅಂದ್ರೆ ಮಳೆಗೂ ರೂಮು ಸಿಗಲ್ಲ ಅಂತ’ ಎಂದು ವಿವರಣೆ ಸೇರಿಸಿದರೆ ಕಥೆ ಮುಗಿಯಿತು. ಎರಡನೇ ಅರ್ಥವನ್ನು ಕೇಳುಗರೇ ಹುಡುಕಿಕೊಳ್ಳಬೇಕು, ಸಂತೋಷ ಇರುವುದೇ ಆ ಹುಡುಕಾಟದಲ್ಲಿ. ಅದರ ಬದಲು ‘ನೀವು ಬರೋದು ನಿಂತಾಗ’ ಎಂದಿದ್ದರೆ? ಅದೇ ಪದ, ಅದೇ ವೇಗ, ಆದರೆ ಇದು ‘ಸಾರ್ಕಾಸ್ಟಿಕ್’, ನಮ್ಮ ಮಾತಿನಲ್ಲಿ ಕೊಂಕು. ವಿಟ್ಟಿ ಮಾತಿನಲ್ಲೂ ಸಣ್ಣ ಮುಳ್ಳು ಇರಬಹುದು, ಆದರೆ ಚುಚ್ಚುವುದೇ ಅದರ ಉದ್ದೇಶವಲ್ಲ. ಸಾವಿನ ಮನೆಯಲ್ಲೋ ಗಂಭೀರ ಸಭೆಯಲ್ಲೋ ಹೊತ್ತುಗೊತ್ತಿಲ್ಲದೆ ತಮಾಷೆಗೆ ಇಳಿಯುವವರಿಗೆ ಇಂಗ್ಲಿಷಿನವರು ‘ಫೆಸೀಶಿಯಸ್’ ಎನ್ನುತ್ತಾರೆ. ಅದು ಹೊಗಳಿಕೆಯಲ್ಲ.

‘ಕ್ಲೆವರ್’ ಜೊತೆಗಿನ ಗೊಂದಲ ಇನ್ನೊಂದು. ತೆನಾಲಿ ರಾಮಕೃಷ್ಣ ಬೆಕ್ಕಿಗೆ ಸುಡುವ ಹಾಲು ಇಟ್ಟು, ಅದು ಹಾಲು ಕಂಡರೇ ಓಡುವಂತೆ ಮಾಡಿದ್ದು ಕ್ಲೆವರ್. ಆಮೇಲೆ ರಾಜನ ಮುಂದೆ ಆಡಿದ ಮಾತು ವಿಟ್ಟಿ. ನಮ್ಮ ಕಡೆಯ ‘ಕುಶಾಲು’ ಈ ಎಲ್ಲಕ್ಕಿಂತ ಅಗಲವಾದ ಪದ. ಸಂಭ್ರಮಕ್ಕೆ ತೋಪು ಹಾರಿಸುವುದಕ್ಕೂ ಕುಶಾಲು, ಭಾವನನ್ನು ಕೀಟಲೆ ಮಾಡುವುದಕ್ಕೂ ಕುಶಾಲು. ವಿಟ್ಟಿಗೆ ಅದನ್ನು ಹಾಕಿದರೆ ಜಾಣತನ ಸೋರಿಹೋಗುತ್ತದೆ. ಹಾಸ್ಯಪ್ರಜ್ಞೆಯೂ ಸರಿಹೊಂದದು, ಏಕೆಂದರೆ ಚೆನ್ನಾಗಿ ನಗಬಲ್ಲವರೆಲ್ಲ ಹಾಗೆ ಮಾತನಾಡಬಲ್ಲವರಲ್ಲ. ಮಾತಿಗೆ ‘ಚತುರೋಕ್ತಿ’, ವ್ಯಕ್ತಿಗೆ ‘ವಿನೋದದ ಮಾತುಗಾರ’ ಎಂದರೆ ಬಹುತೇಕ ಕಡೆ ಕೆಲಸ ನಡೆಯುತ್ತದೆ. ನಾಟಕಕಾರ ಕೈಲಾಸಂ, ‘ಬೀchi’ ಎಂದು ತಮ್ಮ ಹೆಸರಿನಲ್ಲೇ ಇಂಗ್ಲಿಷ್ ಬೆರೆಸಿದ ಬೀಚಿ, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಆರಂಭಿಸಿದ ರಾಶಿ ಇದ್ದ ಭಾಷೆಗೆ ಇಂಥ ಪದದ ಬರ ಇರಬಾರದಿತ್ತು.

ಇನ್ನು ವ್ಯಾಕರಣ. ‘ವಿಟ್’ ನಾಮಪದ, ‘ವಿಟ್ಟಿ’ ಗುಣವಾಚಕ. ‘ಹಿ ಈಸ್ ವೆರಿ ವಿಟ್’ ತಪ್ಪು. ‘ಹಿ ಈಸ್ ವೆರಿ ವಿಟ್ಟಿ’ ಸರಿ, ‘ಹಿ ಈಸ್ ಎ ವಿಟ್’ ಕೂಡ ಸರಿ. ಹೋಲಿಕೆಗೆ ವಿಟ್ಟಿಯರ್, ವಿಟ್ಟಿಯೆಸ್ಟ್. ಮುಂದೆ ‘ಮೋರ್’ ಅಂಟಿಸಬಾರದು. ಬರೆಯುವಾಗ ಡಬ್ಲ್ಯು ನಂತರ ಎಚ್ ಬರುವುದಿಲ್ಲ. ‘ಟಿ’ ಎರಡು ಬೇಕು, ಒಂದೇ ಇದ್ದರೆ ಇಂಗ್ಲಿಷ್ ಓದುಗರ ಬಾಯಲ್ಲಿ ಅದು ‘ವೈಟಿ’ ಆಗುತ್ತದೆ. ಕೊನೆಯ ‘ವೈ’ ಹೋಲಿಕೆಯ ರೂಪಗಳಲ್ಲಿ ‘ಐ’ ಆಗುತ್ತದೆ.

ಹೆಚ್ಚು ಅಂಕ ಹೋಗುವುದು ಇದರ ದಾಯಾದಿ ಪದಗಳಲ್ಲಿ. ಹಳೆಯ ಇಂಗ್ಲಿಷಿನಲ್ಲಿ ವಿಟ್ ಎಂದರೆ ಅರಿವು, ಬುದ್ಧಿ. ವಿಟ್ಟಿ ಎಂದರೆ ಬುದ್ಧಿವಂತ. ಸಂಸ್ಕೃತದ ‘ವಿದ್’ ಧಾತುವಿಗೂ ಇದಕ್ಕೂ ಮೂಲ ಒಂದೇ, ಅಂದರೆ ವಿದ್ಯೆ, ವೇದಗಳಿಗೆ ಇದು ದೂರದ ನೆಂಟ. ನಗು ಅಂಟಿಕೊಂಡದ್ದು ಆಮೇಲೆ. ಅದಕ್ಕೇ ‘ಅನ್‌ವಿಟಿಂಗ್ಲಿ’ ಎಂದರೆ ಹಾಸ್ಯವಿಲ್ಲದೆ ಎಂದಲ್ಲ, ಅರಿವಿಲ್ಲದೆ ಎಂದು. ‘ಔಟ್‌ವಿಟ್’ ಎಂದರೆ ಬುದ್ಧಿಯಲ್ಲಿ ಮೀರಿಸುವುದು. ‘ಹಾಫ್ ವಿಟೆಡ್’ ಅರ್ಧ ತಮಾಷೆಗಾರನಲ್ಲ, ಪೆದ್ದ. ಗೊತ್ತಿಲ್ಲದೆ ಯಾರಿಗಾದರೂ ಹಾಗೆಂದು ಜಗಳ ತಂದುಕೊಳ್ಳಬೇಡಿ. ‘ವಿಟ್ನೆಸ್’ ಕೂಡ ಇದೇ ಮನೆತನದ್ದು, ಸಾಕ್ಷಿ ಎಂದರೆ ಕಂಡು ತಿಳಿದವನು. ಚತುರೋಕ್ತಿಗೆ ‘ವಿಟಿಸಿಸಂ’ ಎಂಬ ಪದವನ್ನು 1677ರಲ್ಲಿ ಟಂಕಿಸಿದ್ದು ಕವಿ ಡ್ರೈಡನ್, ‘ಕ್ರಿಟಿಸಿಸಂ’ನ ಅಚ್ಚಿನಲ್ಲಿ.

ಬಳಸುವ ಜಾಗದ ಬಗ್ಗೆ ಒಂದು ಮಾತು. ಉತ್ತರ, ಭಾಷಣ, ಸಂಭಾಷಣೆ, ಲೇಖನ, ಶೀರ್ಷಿಕೆ, ಜಾಹೀರಾತು, ಮನುಷ್ಯರು: ಇವೆಲ್ಲ ವಿಟ್ಟಿ ಆಗಬಹುದು. ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ವಿಟ್ಟಿ’ ಎಂದು ಬರೆಯುವ ಅಭ್ಯರ್ಥಿಗಳು ಮಾತ್ರ ಆ ಸಾಲನ್ನು ಹೊಡೆದುಹಾಕುವುದು ಒಳ್ಳೆಯದು. ಅದು ಬೇರೆಯವರು ಹೇಳಬೇಕಾದ ಗುಣ. ಸಂದರ್ಶಕರು ‘ಹಾಗಾದರೆ ಒಂದು ಹೇಳಿ ನೋಡೋಣ’ ಎಂದರೆ ಏನು ಮಾಡುತ್ತೀರಿ?

ಇಂತಿ,
ಕೆಲವು ಇಂಗ್ಲಿಷ್ ಅಧ್ಯಾಪಕರು,
ಮಡಿಕೇರಿ